ಒಂಬತ್ತನೇ ನಂಬರಿನವರು

ಯಾವ ಊರಿನ ಯಾವ ಹೋಟೆಲಿನಲ್ಲಿ ಇಳಿದುಕೊಂಡರೂ ನಾನು ರೂಮಿಗೆ ಹೋದ ಕೂಡಲೇ ಬಚ್ಚಲಿನ ಕನ್ನಡಿ ನೋಡುತ್ತೇನೆ. ಮುಖ ನೋಡಿಕೊಳ್ಳುವುದಕ್ಕಲ್ಲ, ಅಲ್ಲಿ ನೋಡುವಂಥದ್ದೇನೂ ಈಗ ಉಳಿದಿಲ್ಲ. ನನಗಿಂತ ಮೊದಲು ಆ ರೂಮಿನಲ್ಲಿದ್ದ ಹೆಂಗಸು ತನ್ನ ಹಣೆಯ ಸ್ಟಿಕರ್ ಬೊಟ್ಟನ್ನು ಕನ್ನಡಿಗೆ ಅಂಟಿಸಿ ಮರೆತು ಹೋಗಿದ್ದಾಳೆಯೇ ಎಂದು ಹುಡುಕುವುದು ನನ್ನ ಚಟ. ಹೋದ ತಿಂಗಳು ಒಂದು ಮದುವೆಗೆ ಹೋದಾಗ ನಮ್ಮನ್ನು ಇಳಿಸಿದ್ದ ದೊಡ್ಡ ಹೋಟೆಲಿನ ಕನ್ನಡಿ ಗೋಡೆಯಷ್ಟು ಅಗಲವಿತ್ತು. ಅದರ ಮೂಲೆ ಮೂಲೆಯನ್ನೂ ಬೆರಳಲ್ಲಿ ಸವರಿ ನೋಡುತ್ತಿದ್ದ ನನ್ನನ್ನು ಕಂಡು ನಮ್ಮ ಯಜಮಾನರು ಏನು ಕಳೆದುಕೊಂಡೆ ಎಂದು ಕೇಳಿದರು. ಕಳೆದುಕೊಂಡಿದ್ದು ನಾನಲ್ಲ, ಬೇರೆ ಯಾರೋ, ಅದು ಸಿಗುತ್ತದಾ ಅಂತ ನೋಡುತ್ತಿದ್ದೇನೆ ಎಂದೆ. ಮೂವತ್ತು ವರ್ಷ ಜೊತೆಯಲ್ಲಿದ್ದವರು. ನನ್ನ ಇಂಥ ಉತ್ತರಗಳಿಗೆ ಅವರು ಈಗ ತಿರುಗಿಯೂ ನೋಡುವುದಿಲ್ಲ.

ಈ ಚಟ ನನಗೆ ಅಂಟಿದ್ದು ನಾಯಂಡಹಳ್ಳಿಯಲ್ಲಿ, ನಮ್ಮಪ್ಪನ ಅಕ್ಕ ರುಕ್ಕತ್ತೆ ನಡೆಸುತ್ತಿದ್ದ ಲಾಡ್ಜಿನಲ್ಲಿ. ಮೈಸೂರು ರಸ್ತೆಗೆ ಮುಖ ಮಾಡಿದ್ದ ಎರಡಂತಸ್ತಿನ ಕಟ್ಟಡ. ಆಚೆ ಈಚೆ ಲಾರಿ ರಿಪೇರಿಯ ಶೆಡ್ಡುಗಳು. ಮೇಲೆ ‘ಹೊಂಬೆಳಕು ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಎಂಬ ಬೋರ್ಡು. ಬೋರ್ಡಿಂಗು ಮಾವ ಬದುಕಿದ್ದಾಗಲೇ ನಿಂತುಹೋಗಿತ್ತು. ಆದರೂ ಬೋರ್ಡನ್ನು ನಂಬಿ ಊಟ ಕೇಳಿಕೊಂಡು ಬರುವವರು ಇದ್ದೇ ಇದ್ದರು. ಅಂಥವರಲ್ಲಿ ತೀರ ಹಸಿದಂತೆ ಕಂಡವರಿಗೆ ಅತ್ತೆ ತಮ್ಮ ಪಾಲಿನ ಸಾರನ್ನವನ್ನೇ ಬಡಿಸಿ ಕಳಿಸುತ್ತಿದ್ದರು. ಬೋರ್ಡು ಅಳಿಸುವುದಕ್ಕಿಂತ ಇದೇ ಸುಲಭ ಎನ್ನುವುದು ಅವರ ವಾದ.

ಮಾವ ಎದೆನೋವು ಬಂದು ಹೋದಾಗ ಅತ್ತೆಗೆ ಮೂವತ್ತೆರಡೋ ಮೂವತ್ಮೂರೋ. ಮಕ್ಕಳಿರಲಿಲ್ಲ. ರಾಜಾಜಿನಗರದ ನಮ್ಮ ಮನೆಗೆ ಬಂದುಬಿಡು ಎಂದು ನಮ್ಮಪ್ಪ ಕರೆದರು. ಅತ್ತೆ ಬರಲಿಲ್ಲ, ಮಾವ ಕೂರುತ್ತಿದ್ದ ಕೌಂಟರಿನ ಕುರ್ಚಿಯ ಮೇಲೆ ಒಂದು ದಿಂಬು ಹಾಕಿಕೊಂಡು ತಾವೇ ಕೂತರು. ಹೆಂಗಸೊಬ್ಬಳು ಹಾಗೆ ಬಂದುಹೋಗುವ ಗಂಡಸರ ನಡುವೆ ಕೂರುವುದು ಅಪ್ಪನಿಗೆ ಸರಿಬರಲಿಲ್ಲ. ಕಾವಲಿಗೆ ಎಂಬಂತೆ ಪ್ರತಿ ಭಾನುವಾರ ಬೆಳಿಗ್ಗೆ ನನ್ನನ್ನು ಬಸ್ಸು ಹತ್ತಿಸಿ ಅಲ್ಲಿಗೆ ಕಳಿಸುತ್ತಿದ್ದರು. ನನಗೆ ಆಗ ಒಂಬತ್ತು ವರ್ಷ. ಎಂಥ ಕಾವಲು ಅಂತ ನೀವೇ ಲೆಕ್ಕ ಹಾಕಿ.

ಕಾವಲುಗಾರ್ತಿಯ ಕೆಲಸ ರೂಮು ಖಾಲಿಯಾದ ಮೇಲೆ ಕನ್ನಡಿಯ ಬೊಟ್ಟು ಕೀಳುವುದು. ಕೆಂಪು, ಮೆರೂನು, ಹಾವಿನ ಆಕಾರದ್ದು, ಕಲ್ಲು ಕೂರಿಸಿದ್ದು. ಅವನ್ನೆಲ್ಲ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ರೂಮಿನ ನಂಬರು ಬರೆದು ಅಂಟಿಸುತ್ತಿದ್ದೆ. ಒಂದೊಂದು ಬೊಟ್ಟಿಗೂ ಒಂದೊಂದು ಕಥೆ ಕಟ್ಟಿ ಅತ್ತೆಗೆ ಹೇಳುತ್ತಿದ್ದೆ. ನಾಲ್ಕನೇ ನಂಬರಿನ ಮೆರೂನು ಬೊಟ್ಟಿನವಳು ಗಂಡನ ಜೊತೆ ಜಗಳ ಆಡಿಕೊಂಡು ಹೋದಳು, ಅದಕ್ಕೇ ಬೊಟ್ಟು ಓರೆಯಾಗಿದೆ, ಇತ್ಯಾದಿ. ಅತ್ತೆ ಬೆಡ್‌ಶೀಟು ಮಡಚುತ್ತ ನಗುತ್ತಿದ್ದರು. ಬೇರೆಯವರ ರೂಮಿನಲ್ಲಿ ಬಿದ್ದದ್ದನ್ನು ಎತ್ತಿಕೊಂಡು ಕಥೆ ಮಾಡುವ ನನ್ನ ಕಸುಬು ಹೀಗೆ ಶುರುವಾಯಿತು. ಯಾರೂ ಆಗಲೇ ಕೈಮೇಲೆ ಹೊಡೆದು ಬಿಡಿಸಲಿಲ್ಲ.

ಕಟ್ಟಡ ವರ್ಷವರ್ಷಕ್ಕೂ ಕುಸಿಯುತ್ತಿತ್ತು, ಅತ್ತೆ ಅದನ್ನು ಮಾತಿನಿಂದ ಎತ್ತಿ ನಿಲ್ಲಿಸುತ್ತಿದ್ದರು. ಎಲ್ಲ ರೂಮಿನಲ್ಲೂ ಅವರ ದುಂಡಗಿನ ಅಕ್ಷರದ ಚೀಟಿಗಳಿದ್ದವು. ‘ಫ್ಯಾನು ಎರಡರಲ್ಲಿ ಮಾತ್ರ ತಿರುಗುತ್ತದೆ. ಐದಕ್ಕಿಟ್ಟು ನಮ್ಮನ್ನು ಬೈಯಬೇಡಿ.’ ‘ಈ ನಲ್ಲಿ ತಿರುಗಿಸಿದರೆ ಆ ನಲ್ಲಿಯಲ್ಲಿ ನೀರು ಬರುತ್ತದೆ. ಗಾಬರಿ ಬೇಡ.’ ಹರಿದ ಬೆಡ್‌ಶೀಟನ್ನು ಹರಿದ ಕಡೆ ಕಾಲದೆಸೆಗೆ ಬರುವಂತೆ ಹಾಸುವುದು, ಕಾಲದೆಸೆಯೂ ಹರಿದಾಗ ಅದರ ಮೇಲೆ ಟವೆಲ್ಲು ಮಡಚಿಟ್ಟು ಅಲಂಕಾರ ಮಾಡುವುದು. ಕೆಲಸಕ್ಕೆ ತಿಮ್ಮಯ್ಯ ಅಂತ ಒಬ್ಬ ವಯಸ್ಸಾದವನಿದ್ದ. ಯಾರು ಏನು ಕೇಳಿದರೂ "ತಂದೆ ಸ್ವಾಮಿ" ಎನ್ನುತ್ತಿದ್ದ. ಆಮೇಲೆ ಅವನೂ ಬರುತ್ತಿರಲಿಲ್ಲ, ಕೇಳಿದ್ದೂ ಬರುತ್ತಿರಲಿಲ್ಲ.

ನಾನು ಹೈಸ್ಕೂಲಿಗೆ ಬಂದಾಗ ಲಾಡ್ಜಿಗೆ ಗದಗಿನ ಶಿವಲಿಂಗಪ್ಪನವರು ಬರತೊಡಗಿದರು. ಶರ್ಟಿನ ಗುಂಡಿ, ಜಿಪ್ಪು, ಲೇಸುಗಳ ಸ್ಯಾಂಪಲ್ ಪೆಟ್ಟಿಗೆ ಹಿಡಿದು ರಾಜಾಜಿನಗರ, ವಿಜಯನಗರದ ಟೈಲರುಗಳ ಅಂಗಡಿ ಸುತ್ತುವ ಕೆಲಸ. ಎತ್ತರದ ಆಳು, ಬಿಳಿ ಅರ್ಧತೋಳಿನ ಅಂಗಿ, ಹೆಂಡತಿ ತೀರಿಕೊಂಡಿದ್ದರು. ಪ್ರತಿ ತಿಂಗಳ ಎರಡನೆಯ ಸೋಮವಾರ ಬಂದರೆ ನಾಲ್ಕು ದಿನ ಒಂಬತ್ತನೇ ನಂಬರಿನಲ್ಲಿರುತ್ತಿದ್ದರು. ಬರುವಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯ ಒಂದು ಗಂಟು ತರುತ್ತಿದ್ದರು. ಬೆಳಿಗ್ಗೆ ಆರೂವರೆಗೆ ಕೌಂಟರಿನ ಆಚೆಗೆ ಅವರು, ಈಚೆಗೆ ಅತ್ತೆ, ನಡುವೆ ಎರಡು ಲೋಟ ಕಾಫಿ. ಒಂದೇ ಪೇಪರು. ಅವರು ಮೊದಲ ಹಾಳೆ ಓದಿ ಅತ್ತೆಗೆ ಕೊಡುವುದು, ಅತ್ತೆ ಒಳಗಿನದನ್ನು ಓದಿ ಅವರಿಗೆ ಕೊಡುವುದು. ಮಾತು ಕಡಿಮೆ. ಅವರು ಅತ್ತೆಯನ್ನು "ಮ್ಯಾಡಮ್ಮರ" ಎನ್ನುತ್ತಿದ್ದರು. ಅತ್ತೆ ಅವರ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ನಮ್ಮ ಜೊತೆ ಮಾತಾಡುವಾಗಲೂ "ಒಂಬತ್ತನೇ ನಂಬರಿನವರು" ಅಷ್ಟೇ. ನನ್ನ ಮದುವೆಗೆ ಅವರು ಮುತ್ತಿನ ಚಿಪ್ಪಿನ ಗುಂಡಿಗಳ ಒಂದು ಕಾರ್ಡು ಕೊಟ್ಟಿದ್ದರು. ಮೂಲೆಯಲ್ಲಿ ಅವರ ವಿಸಿಟಿಂಗ್ ಕಾರ್ಡು ಪಿನ್ನು ಮಾಡಿತ್ತು.

ಆಮೇಲೆ ನಾನು ಬಸವೇಶ್ವರನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಮ್ಮ ಆದೆ. ವಾರ್ಷಿಕೋತ್ಸವಕ್ಕೆ ನಗೆನಾಟಕ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಅದನ್ನು ನೋಡಿದ ಒಬ್ಬ ಹುಡುಗಿಯ ತಂದೆ ಟೀವಿ ಸೀರಿಯಲ್ಲುಗಳ ನಿರ್ದೇಶಕರಾಗಿದ್ದರು. ವಾರಕ್ಕೊಂದು ಹಾಸ್ಯ ಧಾರಾವಾಹಿ ಮಾಡಬೇಕು, ಒಂದೇ ಜಾಗದಲ್ಲಿ ನಡೆಯಬೇಕು, ಏನಾದರೂ ಹೊಳೆಯುತ್ತದಾ ಎಂದು ಕೇಳಿದರು. ಹೊಳೆಯುವುದೇನು ಬಂತು, ಒಂಬತ್ತನೇ ವಯಸ್ಸಿನಿಂದ ನೋಟ್‌ಬುಕ್ಕಿನಲ್ಲಿ ಅಂಟಿಸಿಕೊಂಡು ಕೂತಿದ್ದೆನಲ್ಲ. ಹೀಗೆ ‘ಹೋಟೆಲ್ ನೆಮ್ಮದಿ’ ಹುಟ್ಟಿತು. ಸೋರುವ ಸೂರು, ಚೀಟಿ ಅಂಟಿಸುವ ಮ್ಯಾನೇಜರಮ್ಮ, "ತಂದೆ ಸ್ವಾಮಿ" ಎಂದು ಮಾಯವಾಗುವ ಕೆಲಸದವನು.

ಭಾನುವಾರ ಸಂಜೆ ಏಳಕ್ಕೆ ಅದು ಬರುತ್ತಿತ್ತು. ಶುರುವಿನಲ್ಲಿ ‘ಸಂಭಾಷಣೆ’ ಎಂದು ನನ್ನ ಹೆಸರು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಡುತ್ತಿತ್ತು. ನೆಂಟರಿಗೆಲ್ಲ ಕಾಣಲಿ ಎಂದು ನಮ್ಮ ಯಜಮಾನರು ಟೀವಿಯ ಪಕ್ಕ ಬೆರಳು ಚಾಚಿ ತಯಾರಾಗಿ ನಿಂತಿರುತ್ತಿದ್ದರು. ಹೆಸರು ಬರುತ್ತಿದ್ದಂತೆ "ನೋಡಿ ನೋಡಿ" ಎಂದು ತೋರಿಸುವರು. ಅವರ ಬೆರಳೇ ಹೆಸರಿನ ಮೇಲಿರುತ್ತಿತ್ತು. ನೆಂಟರು ಬೆರಳು ನೋಡಿ ಸಂತೋಷಪಡುತ್ತಿದ್ದರು.

ಅತ್ತೆಗೂ ಖುಷಿಯೇ. ಶೂಟಿಂಗು ಕೆಂಗೇರಿಯ ಒಂದು ಖಾಲಿ ಮನೆಯಲ್ಲಿ. ಅತ್ತೆ ತಮ್ಮ ಲಾಡ್ಜಿನ ಹಳೆಯ ಕೀಲಿಗಳ ಹಲಗೆಯನ್ನು ಸೆಟ್ಟಿಗೆಂದು ಕೊಟ್ಟರು. ಒಂದು ದಿನ ನೋಡಲು ಬಂದರು. ಹೊಸದಾಗಿ ಬಳಿದ ಗೋಡೆಗೆ ಹಳೆಯ ಕಳೆ ಬರಲಿ ಎಂದು ಹುಡುಗರು ಟೀ ಡಿಕಾಕ್ಷನ್ ಎರಚುತ್ತಿದ್ದರು. ಅತ್ತೆ ಅದನ್ನು ಸುಮಾರು ಹೊತ್ತು ನೋಡಿದರು. ನಮ್ಮಲ್ಲಿ ಇದು ತಾನಾಗೇ ಬಂತಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿ ನಕ್ಕರು. ಮ್ಯಾನೇಜರಮ್ಮನ ಪಾತ್ರದವರಿಗೆ ಒಂದು ಪಾಠವನ್ನೂ ಹೇಳಿಕೊಟ್ಟರು. ಗಿರಾಕಿ ಒಳಗೆ ಬಂದ ತಕ್ಷಣ ತಲೆಯೆತ್ತಿ ಮುಖ ನೋಡಬಾರದಂತೆ. ಬಸ್ಸಿನಲ್ಲಿ ಬೆವೆತು ಬಂದಿರುತ್ತಾರೆ, ಕೂದಲು ಸರಿಮಾಡಿಕೊಳ್ಳಲು ಅವರಿಗೆ ಒಂದು ಗಳಿಗೆ ಕೊಡಬೇಕಂತೆ. ಆ ನಟಿ ಇದನ್ನು ಕೊನೆಯವರೆಗೂ ಪಾಲಿಸಿದರು. ಇನ್ನು ತಿಮ್ಮಯ್ಯನೋ, ಟೀ ಅಂಗಡಿಯಲ್ಲೆಲ್ಲ ಒರಿಜಿನಲ್ ನಾನೇ ಎಂದು ಎದೆ ತಟ್ಟಿಕೊಂಡು ಓಡಾಡುತ್ತಿದ್ದ. ಲಾರಿ ಡ್ರೈವರುಗಳು ಅವನ ಬಾಯಿಂದ "ತಂದೆ ಸ್ವಾಮಿ" ಕೇಳುವುದಕ್ಕೆಂದೇ ನೀರು ಕೇಳುತ್ತಿದ್ದರು. ಇದನ್ನೆಲ್ಲ ಕಂಡು ಒಬ್ಬರ ಬದುಕನ್ನು ನಗೆಗೆ ಕೊಟ್ಟರೆ ಅವರಿಗೆ ಸಂತೋಷವೇ ಆಗುತ್ತದೆ ಎಂದು ನಾನು ನಂಬಿಬಿಟ್ಟೆ.

ಒಂದು ಮಧ್ಯಾಹ್ನ ಲಾಡ್ಜಿಗೆ ಹೋದಾಗ ಅತ್ತೆ ಹಿಂದಿನ ಕೋಣೆಯಲ್ಲಿ ಸೀರೆಗೆ ಇಸ್ತ್ರಿ ಹಾಕುತ್ತಿದ್ದರು. ಕಂದು ಬಣ್ಣದ ಹಳೆಯ ಸೀರೆ, ಅಂಚು ನವೆದಿತ್ತು. ಎಲ್ಲಿಗಾದರೂ ಹೊರಟಿದ್ದೀರಾ ಎಂದೆ. ಇಲ್ಲ, ನಾಳೆ ಸೋಮವಾರ ಎಂದರು. ನನಗೆ ಅರ್ಥವಾಗಲಿಲ್ಲ. ಅತ್ತೆ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ, ನನ್ನ ಮುಖ ನೋಡದೆ ಹೇಳಿದರು.

"ಒಂಬತ್ತನೇ ನಂಬರಿನವರು ಬರ್ತಾರೆ. ಎರಡು ದಿನದಿಂದ ಆ ರೂಮ್ ಯಾರಿಗೂ ಕೊಟ್ಟಿಲ್ಲ. ಖಾಲಿ ಇಲ್ಲ ಅಂತ ಸುಳ್ಳು ಹೇಳ್ತೀನಿ. ಹೊಸ ಸೀರೆ ಉಟ್ರೆ ಗೊತ್ತಾಗಿಬಿಡುತ್ತೆ ಅಂತ ಹಳೇದನ್ನೇ ಇಸ್ತ್ರಿ ಮಾಡಿ ಉಡ್ತೀನಿ ಕಣೇ."

ಇಷ್ಟು ಹೇಳಿ ಮತ್ತೆ ಇಸ್ತ್ರಿ ಶುರುಮಾಡಿದರು. ಸ್ವಲ್ಪ ಹೊತ್ತಾದ ಮೇಲೆ, "ಇದು ನಿನ್ನ ಸೀರಿಯಲ್ಲಿಗಲ್ಲ ನಾಗು" ಎಂದರು. ನಾನು ಛೇ ಛೇ ಎಂದೆ. ಆ ಛೇ ಛೇ ಜೋರಾಗಿಯೇ ಬಂತು, ಆದರೆ ಅದನ್ನು ಅಂದ ಗಳಿಗೆಯಲ್ಲೇ ನನ್ನ ತಲೆಯ ಒಂದು ಮೂಲೆ ದೃಶ್ಯದ ಸಂಖ್ಯೆ ಹಾಕಿಕೊಂಡಿತ್ತು. ಇದನ್ನು ನಾನು ಯಾರಿಗೂ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ.

ಮಳೆಗಾಲದ ಹೊತ್ತಿಗೆ ಧಾರಾವಾಹಿ ಸೊರಗಿತು. ನಿರ್ದೇಶಕರು ಒಂದು ದಿನ ಸ್ಕೂಲಿನ ಗೇಟಿನವರೆಗೆ ಬಂದು, "ಮೇಡಂ, ನಲ್ಲಿ ಸೋರೋದಕ್ಕೆ ಜನ ಎಷ್ಟು ದಿನ ನಗ್ತಾರೆ? ಈಗ ಯಾರದಾದ್ರೂ ಮನಸ್ಸು ಸೋರಬೇಕು" ಎಂದರು. ಮ್ಯಾನೇಜರಮ್ಮನಿಗೆ ಒಂದು ಪ್ರೇಮ ಬೇಕು, ಇಲ್ಲದಿದ್ದರೆ ಈ ತಿಂಗಳಿಗೆ ಮುಗಿಸಿಬಿಡುತ್ತಾರೆ ಎಂದರು. ಮುಗಿದರೆ ನಾನು ಮತ್ತೆ ಬರೀ ವ್ಯಾಕರಣದ ಮೇಷ್ಟ್ರಮ್ಮ. ಸ್ಟಾಫ್‌ರೂಮಿನಲ್ಲಿ ನನಗೆಂದು ಕಿಟಕಿ ಪಕ್ಕದ ಕುರ್ಚಿ ಬಿಟ್ಟುಕೊಡುತ್ತಿದ್ದರು, ಅದು ಹೋಗುತ್ತದೆ. ನಾಚಿಕೆಯಾದರೂ ಹೇಳುತ್ತೇನೆ, ಆ ಕುರ್ಚಿಯ ಯೋಚನೆ ನನಗೆ ನಿಜವಾಗಿಯೂ ಬಂದಿತ್ತು. ಅದೇ ಶನಿವಾರ ಮಧ್ಯಾಹ್ನ ಊಟ ಮಾಡಿ ಬರೆಯಲು ಕೂತವಳು ಟೀ ಹೊತ್ತಿಗೆ ಎದ್ದೆ. ಒಂದು ಅಕ್ಷರ ಹೊಡೆದುಹಾಕಲಿಲ್ಲ. ಅಷ್ಟು ಸಲೀಸಾಗಿ ನಾನು ಅದಕ್ಕಿಂತ ಮೊದಲೂ ಬರೆದಿಲ್ಲ, ಆಮೇಲೂ ಬರೆದಿಲ್ಲ. ಮ್ಯಾನೇಜರಮ್ಮ ಹಳೆ ಸೀರೆಗೆ ಇಸ್ತ್ರಿ ಹಾಕುತ್ತಾಳೆ. ಒಂಬತ್ತನೇ ನಂಬರು ಖಾಲಿ ಇಲ್ಲ ಎಂದು ಎಲ್ಲರನ್ನೂ ಹಿಂದಕ್ಕೆ ಕಳಿಸುತ್ತಾಳೆ. ಉತ್ತರ ಕರ್ನಾಟಕದ ಸೇಲ್ಸ್‌ಮನ್ ಪೆಟ್ಟಿಗೆ ಹಿಡಿದು ಬರುತ್ತಾನೆ. ಗುಂಡಿಯ ಬದಲು ಬಳೆ ಮಾರುವವನನ್ನಾಗಿ ಮಾಡಿದ್ದೆ. ನನ್ನ ಮನಸ್ಸಾಕ್ಷಿಗೆ ನಾನು ಹೊಲಿದುಕೊಂಡ ಅಂಗಿ ಅಷ್ಟೇ.

ಆ ಕಂತು ಬಂದ ಭಾನುವಾರ ಅತ್ತೆ ಎಂದಿನಂತೆ ನಮ್ಮಪ್ಪನ ಮನೆಗೆ ಬಂದಿದ್ದರು. ನಾವೂ ವಿಜಯನಗರದಿಂದ ಹೋಗಿದ್ದೆವು. ಬರಬೇಡಿ ಅನ್ನಲು ನನಗೆ ಒಂದು ವಾರವಿತ್ತು. ಅನ್ನಲಿಲ್ಲ. ಅತ್ತೆ ಗುರುತಿಸದೆಯೂ ಇರಬಹುದು ಎಂದುಕೊಂಡಿದ್ದೆ. ಗುರುತಿಸಿದರೂ ನಗಬಹುದು ಎಂದುಕೊಂಡಿದ್ದೆ.

ಟೀವಿಯಲ್ಲಿ ಸೀರೆ ಇಸ್ತ್ರಿಯಾಯಿತು, ಸೇಲ್ಸ್‌ಮನ್ ಬಂದ. ಕೌಂಟರಿನಲ್ಲಿ ಎರಡು ಲೋಟ ಕಾಫಿ. ಇದ್ದಕ್ಕಿದ್ದಂತೆ ಕರೆಂಟು ಹೋಗುತ್ತದೆ. ಕತ್ತಲಲ್ಲಿ ಅವನು ಅವಳ ಕೈ ಹಿಡಿಯುತ್ತಾನೆ. ಕೆಲಸದವನು ಲಾಟೀನು ಹಿಡಿದು ಒಳಗೆ ಬಂದು, "ಒಂಬತ್ತನೇ ನಂಬರ್ ಖಾಲಿ ಇಲ್ಲ ಅಂದ್ರಿ. ಈಗ ಕೌಂಟರೂ ಖಾಲಿ ಇಲ್ವಲ್ಲ ಮೇಡಂ" ಎನ್ನುತ್ತಾನೆ. ಟೀವಿಯಲ್ಲಿ ಹಾಕಿದ್ದ ನಗುವಿಗಿಂತ ನಮ್ಮ ಮನೆಯವರ ನಗು ಜೋರಾಗಿತ್ತು. ಅಪ್ಪ ಕಣ್ಣೊರೆಸಿಕೊಂಡರು. ಅತ್ತೆಯೂ ನಕ್ಕರು. ಎಲ್ಲರೂ ನಕ್ಕು ಮುಗಿಸುವ ಹೊತ್ತಿಗೆ ಅವರ ನಗು ಶುರುವಾಯಿತು, ಬೇಗ ನಿಂತಿತು. ಅಪ್ಪ ನಗುತ್ತಲೇ ಅತ್ತೆಯ ಕಡೆ ತಿರುಗಿ, ನಿಮ್ಮಲ್ಲೂ ಒಬ್ಬರು ಪೆಟ್ಟಿಗೆ ಹಿಡಿದು ಬರುತ್ತಾರಲ್ಲವೇ ಎಂದರು. ಅಂದ ಮೇಲೆ ಅಪ್ಪನ ಮುಖ ನಿಧಾನವಾಗಿ ಬದಲಾಯಿತು. ಅತ್ತೆ ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಊಟ ಮಾಡಿ, ತಟ್ಟೆ ತೊಳೆದಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದರು.

ಬಸ್‌ಸ್ಟಾಪಿನವರೆಗೆ ನಾನು ಜೊತೆಗೆ ಹೋದೆ. ದಾರಿಯುದ್ದಕ್ಕೂ ಅವರು ಏನಾದರೂ ಅನ್ನಲಿ ಎಂದು ಕಾದೆ. ಬಸ್ಸು ಕಂಡಾಗ ಅತ್ತೆ ಸೆರಗು ಹೊದ್ದುಕೊಂಡು ಹೇಳಿದರು.

"ಆಯಮ್ಮ ಇಸ್ತ್ರಿ ಹಾಕೋದು ಸರಿಯಿಲ್ಲ. ಅಂಚಿನಿಂದ ಶುರು ಮಾಡ್ಬೇಕು. ಹೇಳು ಅವರಿಗೆ."

ಅಷ್ಟೇ. ಬಸ್ಸು ಹತ್ತಿ ಹೋದರು.

ಮುಂದಿನದೆಲ್ಲ ನನಗೆ ಗೊತ್ತಾದದ್ದು ತಿಮ್ಮಯ್ಯನ ಬಾಯಿಂದ, ಚೂರು ಚೂರಾಗಿ. ಎರಡನೆಯ ಸೋಮವಾರ ಶಿವಲಿಂಗಪ್ಪನವರು ಬಂದರಂತೆ. ವಿಜಯನಗರದ ಟೈಲರುಗಳು ಅವರನ್ನು ಕಂಡು, ಏನು ಸಾರ್, ಒಂಬತ್ತನೇ ನಂಬರ್ ಖಾಲಿ ಇದೆಯಾ ಎಂದು ಕೇಳಿ ನಕ್ಕರಂತೆ. ಅವರು ಎಲ್ಲಿ ಇಳಿದುಕೊಳ್ಳುತ್ತಾರೆ ಎನ್ನುವುದು ಅವರ ಗಿರಾಕಿಗಳಿಗೆಲ್ಲ ಮೊದಲೇ ಗೊತ್ತಿತ್ತು. ನಾಲ್ಕು ದಿನ ಇರಬೇಕಾದವರು ಎರಡೇ ದಿನಕ್ಕೆ ಹೊರಟರು. ಹೋಗುವ ಬೆಳಿಗ್ಗೆ ಕೌಂಟರಿನ ಮುಂದೆ ನಿಂತು ಏನೋ ಒಂದೆರಡು ಮಾತು ಹೇಳಿದರಂತೆ, ತಿಮ್ಮಯ್ಯನಿಗೆ ಕೇಳಿಸಲಿಲ್ಲ. ಆಮೇಲೆ ಅವರು ಕಂಪನಿಯಲ್ಲಿ ಬೇರೆ ಊರುಗಳನ್ನು ಕೇಳಿ ಹಾಕಿಸಿಕೊಂಡರು. ಅದೇ ಪೆಟ್ಟಿಗೆ ಹಿಡಿದು ಬೇರೆ ಯಾರೋ ಯುವಕ ಬರತೊಡಗಿದ. ಅವನಿಗೆ ಯಾವ ರೂಮಾದರೂ ಆಗುತ್ತಿತ್ತು.

ಅತ್ತೆಗೆ ಅಷ್ಟಕ್ಕೇ ಬಿಡುಗಡೆಯಾಗಲಿಲ್ಲ. ಕಾಲೇಜು ಹುಡುಗರು ಒಂಬತ್ತನೇ ನಂಬರು ತೋರಿಸಿ ಎಂದು ಬರುತ್ತಿದ್ದರು. ಬಾಗಿಲ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಂದು ದಿನ ಅತ್ತೆ ಸ್ಕ್ರೂಡ್ರೈವರ್ ತೆಗೆದುಕೊಂಡು ಆ ಬಾಗಿಲಿನ ಹಿತ್ತಾಳೆಯ ಒಂಬತ್ತನ್ನು ಬಿಚ್ಚಿ, ಅಲ್ಲಿ ಪೇಂಟಿನಲ್ಲಿ 8ಎ ಎಂದು ಬರೆಸಿದರು. ನಾನು ಹೋದಾಗ ಅದನ್ನು ನೋಡಿದೆ. ನಾನು ನೋಡಿದ್ದನ್ನು ಅತ್ತೆ ನೋಡಿದರು. ಕಾಫಿ ಕೊಡಲಾ ಎಂದು ಕೇಳಿದರು. ಮೊದಲಿನಂತೆಯೇ ಪ್ರೀತಿಯಿಂದ ಮಾತಾಡಿದರು, ಆರೋಗ್ಯ ಕೇಳಿದರು, ನಮ್ಮ ಯಜಮಾನರಿಗೆಂದು ಚಟ್ನಿಪುಡಿ ಕಟ್ಟಿಕೊಟ್ಟರು, ಅದು ಅಂಗಡಿಯದು. ಆದರೆ ಅವತ್ತಿನಿಂದ ಲಾಡ್ಜಿನ ಒಂದೇ ಒಂದು ಸಂಗತಿಯನ್ನೂ ನನಗೆ ಹೇಳಲಿಲ್ಲ. ಯಾರು ಬಂದಿದ್ದರು, ಏನು ಮರೆತು ಹೋದರು, ಯಾವ ನಲ್ಲಿ ಕೆಟ್ಟಿತು, ಯಾವುದೂ ಇಲ್ಲ. ಏನಾದರೂ ವಿಶೇಷ ಉಂಟಾ ಅತ್ತೆ ಎಂದರೆ, ಏನಿದೆ ಮಹಾ ಎನ್ನುತ್ತಿದ್ದರು.

ಧಾರಾವಾಹಿ ಮಾತ್ರ ಎದ್ದು ಕೂತಿತು. ಜನ ಮದುವೆ ಮಾಡಿಸಿ ಎಂದು ಕಾಗದ ಬರೆದರು. ನಾನು ಮಾಡಿಸಿದೆ. ಮ್ಯಾನೇಜರಮ್ಮನಿಗೆ ರೇಷ್ಮೆ ಸೀರೆ ಉಡಿಸಿ, ಸೋರುವ ಸೂರಿನ ಕೆಳಗೆ ಕೊಡೆ ಹಿಡಿಸಿ, ಧಾರೆ ಎರೆಸಿದೆ. ಆ ಕಂತಿಗೆ ಯಾವುದೋ ಸಂಘದವರು ನನಗೆ ಶಾಲು ಹೊದಿಸಿದರು. ಭಾಷಣದಲ್ಲಿ ನಾನು ಪಾತ್ರಗಳು ಸುತ್ತಲಿನ ಬದುಕಿನಿಂದಲೇ ಬರುತ್ತವೆ ಎಂದು ಹೇಳಿದೆ. ಚಪ್ಪಾಳೆ ಬಂತು. ಬದುಕಿನಿಂದ ಬಂದವರು ಆಮೇಲೆ ಎಲ್ಲಿಗೆ ಹೋಗುತ್ತಾರೆ ಎಂದು ಸಭೆಯಲ್ಲಿ ಯಾರೂ ಕೇಳಲಿಲ್ಲ.

ಪರದೆಯ ಮೇಲೆ ಮದುವೆಯನ್ನೇ ಮಾಡಿಸಿದವಳಿಗೆ ಒಂದು ಫೋನು ಮಾಡುವುದು ಎಷ್ಟರ ಮಾತು? ಗುಂಡಿಯ ಕಾರ್ಡಿನಲ್ಲಿದ್ದ ನಂಬರು ನನ್ನ ಬೀರುವಿನಲ್ಲೇ ಇತ್ತು. ಒಂದು ದಿನ ಧೈರ್ಯ ಮಾಡಿ ಗದಗಿಗೆ ಫೋನು ಹಚ್ಚಿದೆ. ತಪ್ಪು ನನ್ನದು, ಅತ್ತೆಯದಲ್ಲ, ನೀವು ಮೊದಲಿನಂತೆ ಬನ್ನಿ ಎಂದು ಹೇಳುವುದಕ್ಕೆ ಮೂರು ವಾಕ್ಯ ಬರೆದಿಟ್ಟುಕೊಂಡಿದ್ದೆ. ಸಣ್ಣ ಹುಡುಗಿಯೊಬ್ಬಳು ಎತ್ತಿ ಅಜ್ಜನನ್ನು ಕೂಗಿದಳು. ಚಪ್ಪಲಿಯ ಸದ್ದು ಹತ್ತಿರ ಬಂತು. "ಹಲೋ, ಯಾರ್ರೀ ಮಾತಾಡೋದು?" ಎಂದರು ಶಿವಲಿಂಗಪ್ಪನವರು. ಅದೇ ತಗ್ಗಿದ ದನಿ. ನಾನು ಫೋನು ಇಟ್ಟುಬಿಟ್ಟೆ. ವಾರವಾರವೂ ಸಂಭಾಷಣೆ ಬರೆದವಳಿಗೆ ನಾನು ನಾಗರತ್ನ ಎಂದು ಹೇಳಲು ಬಾಯಿ ಬರಲಿಲ್ಲ. ಇನ್ನೊಂದು ದಿನ ಮಾಡಿದರಾಯಿತು ಎಂದುಕೊಂಡೆ. ಆ ಇನ್ನೊಂದು ದಿನವನ್ನು ನಾಲ್ಕು ವರ್ಷ ಮುಂದೂಡಿದೆ.

ನಾಲ್ಕು ವರ್ಷವಾದ ಮೇಲೆ ಒಂದು ಸಂಜೆ ಅತ್ತೆಯೇ ಫೋನು ಮಾಡಿದರು. ಆ ಯುವಕ ಬಂದಿದ್ದನಂತೆ. ಶಿವಲಿಂಗಪ್ಪನವರು ಹೋದ ತಿಂಗಳು ತೀರಿಕೊಂಡರು ಎಂದು ಕೌಂಟರಿನಲ್ಲಿ ಮಾತಿಗೆ ಮಾತು ಬಂದು ಹೇಳಿದನಂತೆ. ಇದನ್ನು ಹೇಳುವಾಗ ಅತ್ತೆಯ ದನಿಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಅವರ ಮಗನಿಗೆ ಒಂದು ಕಾಗದ ಹಾಕಬೇಕು, ನೀನು ಬರೆಯುವವಳಲ್ಲವಾ, ಎರಡು ಸಾಲು ಬರೆದುಕೊಡು ಎಂದರು.

ಮರುದಿನ ಸ್ಕೂಲು ಬಿಟ್ಟ ಮೇಲೆ ಹೋದೆ. ಕೌಂಟರಿನಲ್ಲಿ ಕೂತು ಬರೆದೆ: ‘ನಮ್ಮ ಆತ್ಮೀಯರಾದ ಶ್ರೀ ಶಿವಲಿಂಗಪ್ಪನವರು ನಿಧನರಾದ ಸುದ್ದಿ ತಿಳಿದು ಬಹಳ ದುಃಖವಾಯಿತು.’ ಅತ್ತೆ ಕನ್ನಡಕ ಹಾಕಿಕೊಂಡು ಓದಿದರು. ಪೆನ್ನು ತೆಗೆದುಕೊಂಡು ‘ಆತ್ಮೀಯರಾದ’ ಎಂಬುದನ್ನು ಒಂದೇ ಗೆರೆಯಲ್ಲಿ ಹೊಡೆದು, ಮೇಲೆ ‘ಹಳೆಯ ಗ್ರಾಹಕರಾದ’ ಎಂದು ಬರೆದರು. ಆಮೇಲೆ ಲಾಡ್ಜಿನ ಹೆಸರಿದ್ದ ಹಾಳೆಯೊಂದರ ಮೇಲೆ ತಮ್ಮ ದುಂಡಗಿನ ಅಕ್ಷರದಲ್ಲಿ ನಕಲು ಮಾಡಿದರು. ಕೆಳಗೆ ಸಹಿ ಹಾಕಲಿಲ್ಲ. ‘ವ್ಯವಸ್ಥಾಪಕರು’ ಎಂದಷ್ಟೇ ಬರೆದು ಮೊಹರು ಒತ್ತಿದರು. ಅವರು ಶಿವಲಿಂಗಪ್ಪ ಎಂಬ ಹೆಸರನ್ನು ಬರೆಯುವುದನ್ನು ನಾನು ಕಂಡದ್ದು ಅದೊಂದೇ ಸಲ. ಬರೆಯುವಾಗ ಒತ್ತಕ್ಷರದ ಹತ್ತಿರ ಸ್ವಲ್ಪ ನಿಂತರು.

ಲಾಡ್ಜು ಈಗಿಲ್ಲ. ಮಾವನ ತಮ್ಮಂದಿರು ಕಟ್ಟಡ ಮಾರಿದರು. ಅಲ್ಲೀಗ ಟೈಲ್ಸಿನ ಗೋಡೌನು. ಮೆಟ್ರೋದಲ್ಲಿ ಕೆಂಗೇರಿಗೆ ಹೋಗುವಾಗ ನಾಯಂಡಹಳ್ಳಿಯಲ್ಲಿ ಎಡಗಡೆ ನೋಡಿದರೆ ಅದರ ತಗಡಿನ ಮಾಡು ಕಾಣುತ್ತದೆ. ಅತ್ತೆ ಮಲ್ಲತ್ತಹಳ್ಳಿಯಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾರೆ. ಎಂಬತ್ತು ದಾಟಿತು. ಬೆಳಿಗ್ಗೆ ಕೆರೆಯ ಸುತ್ತ ಅರ್ಧ ಸುತ್ತು ಹೋಗಿ, ಬಂದ ದಾರಿಯಲ್ಲೇ ವಾಪಸ್ಸಾಗುತ್ತಾರೆ. ಪೂರ್ತಿ ಸುತ್ತಿದರೆ ಪರಿಚಯದವರೆಲ್ಲ ಒಂದೇ ಸಲ ಸಿಗುತ್ತಾರೆ, ಹೀಗೆ ಹೋದರೆ ಎರಡು ಸಲ ಸಿಗುತ್ತಾರೆ ಎನ್ನುತ್ತಾರೆ.

ಈ ಸಲ ಅವರೆಕಾಯಿ ಶುರುವಾದಾಗ ಒಂದು ಬೆಳಿಗ್ಗೆ ಅಲ್ಲಿಗೆ ಹೋಗಿದ್ದೆ. ಮಹಡಿಯ ಬಿಸಿಲಿನಲ್ಲಿ ಚಾಪೆ ಹಾಕಿಕೊಂಡು ನಾನೂ ಅತ್ತೆಯೂ ಕಾಯಿ ಬಿಡಿಸುತ್ತಿದ್ದೆವು. ತಮ್ಮನ ಮಗಳು ಮೇಘ ಕಾಲೇಜಿಗೆ ಹೊರಟವಳು ಫೋನು ಹಿಡಿದು ಮೇಲೆ ಬಂದಳು. "ಅತ್ತೆ, ನೀವು ಬರೆದಿದ್ದಂತೆ ಇದು, ಎಲ್ಲ ಕಡೆ ಓಡ್ತಾ ಇದೆ" ಎಂದು ನನ್ನ ಮುಂದೆ ಹಿಡಿದಳು. ಕರೆಂಟು ಹೋಗುವ ದೃಶ್ಯ. ಯಾರೋ ಅದಕ್ಕೆ ಹೊಸ ಸಂಗೀತ ಸೇರಿಸಿ ಹಾಕಿದ್ದರು. ಬೇಡ ಎಂದು ನಾನು ಕೈ ಅಡ್ಡ ಮಾಡುವಷ್ಟರಲ್ಲಿ ಅವಳು ಫೋನನ್ನು ಅಜ್ಜಿಯ ಕೈಗೆ ಕೊಟ್ಟಾಗಿತ್ತು. ಅವಳಿಗೆ ಏನು ಗೊತ್ತು ಪಾಪ. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ನೋಡಿದರು. ಇನ್ನೊಂದು ಸಲ ಹಾಕು ಎಂದು ಇನ್ನೊಮ್ಮೆ ನೋಡಿದರು. ಚೆನ್ನಾಗಿದೆ ಎಂದು ಫೋನು ವಾಪಸ್ಸು ಕೊಟ್ಟರು. ಮೇಘ ಬಸ್ಸಿಗೆ ಓಡಿದಳು.

ಇಬ್ಬರೂ ಒಂದು ಮೊರದಷ್ಟು ಕಾಯಿ ಬಿಡಿಸಿದೆವು. ಆಮೇಲೆ ನಾನು, "ಅತ್ತೆ, ಅದನ್ನ ನಾನು ಬರೀಬಾರದಿತ್ತು" ಎಂದೆ. ಇಪ್ಪತ್ತೆಂಟು ವರ್ಷ ತಡವಾಗಿ, ಇಷ್ಟು ಸಣ್ಣ ವಾಕ್ಯ.

"ಬರೆದೆ. ಆಗಿಹೋಯ್ತು" ಎಂದರು ಅತ್ತೆ.

ನೀವು ಬೇಡ ಅಂದಿದ್ದಿರಿ ಎಂದೆ. ಅಂದಿದ್ದೆ ಎಂದರು. ಕಾಯಿ ಬಿಡಿಸುವ ಕೈ ನಿಲ್ಲಲಿಲ್ಲ. ಆಮೇಲೆ ಅವರೇ ಮಾತಾಡಿದರು. ಬೆರಳ ತುದಿಯನ್ನು ನೋಡಿಕೊಂಡು, ಮೆಲ್ಲಗೆ.

"ಅದರಲ್ಲಿ ನೀನು ಬರೆದಿದ್ದೆಲ್ಲ ನಿಜಾನೇ ನಾಗು. ಕೈ ಹಿಡಿದಿದ್ದು ಒಂದು ಬಿಟ್ಟು. ಹದಿನಾಲ್ಕು ವರ್ಷದಲ್ಲಿ ಅವರು ಒಂದಿನಾನೂ ಹಿಡಿದಿರ್ಲಿಲ್ಲ. ಕೊನೇ ಸಲ ಹೊರಡೋವಾಗ ಹೇಳಿದ್ರು. ‘ಮ್ಯಾಡಮ್ಮರ, ಭಾಳ ವರ್ಷದಿಂದ ಮನಸಿನ್ಯಾಗಿತ್ತು. ಈಗ ಹಿಡದ್ರ ಟೀವಿ ನೋಡಿ ಕಲತಂಗ ಆಗತೈತಿ’ ಅಂದ್ರು. ಪೆಟ್ಟಿಗೆ ಎತ್ಕೊಂಡು ಹೋದ್ರು."

ಅತ್ತೆ ಕಾಳಿನ ಪಾತ್ರೆಯನ್ನು ನನ್ನ ಕಡೆ ಸರಿಸಿ, ಹುಳುಕು ಇದ್ದರೆ ಬೇರೆ ಮಾಡು ಎಂದರು. ಸಿಪ್ಪೆಯನ್ನೆಲ್ಲ ಬುಟ್ಟಿಗೆ ಬಳಿದುಕೊಂಡು, ಮೊಣಕಾಲು ಹಿಡಿದು ಎದ್ದು, ಒಂದೊಂದೇ ಮೆಟ್ಟಿಲು ಇಳಿದು ಕೆಳಗೆ ಹೋದರು. ಆ ಹೊತ್ತಿಗೆ ಗೇಟಿನ ಹತ್ತಿರ ಒಂದು ಹಸು ಬಂದು ನಿಲ್ಲುತ್ತದೆ, ಅದಕ್ಕೆ ಹಾಕುವುದಕ್ಕೆ.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಅತ್ತೆಯ ದನಿ ಕೇಳಿತು. ಹಸುವಿನ ಜೊತೆ ಮಾತಾಡುತ್ತಿದ್ದರು. ಒಂದೆರಡು ಮಾತಲ್ಲ, ನಿಂತು ನಿಂತು, ಯೋಚನೆ ಮಾಡಿ ಮಾಡಿ, ಏನನ್ನೋ ಮೊದಲಿನಿಂದ ಹೇಳುತ್ತಿದ್ದಂತಿತ್ತು. ಮಹಡಿಯ ಗೋಡೆಯ ಹತ್ತಿರ ಹೋದರೆ ಎಲ್ಲವೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ನಾನು ಪಾತ್ರೆ ಎತ್ತಿಕೊಂಡು ಒಳಗೆ ಹೋಗಿ, ಬಾಗಿಲು ಹಾಕಿಕೊಂಡೆ.